ಪಠ್ಯಪುಸ್ತಕದ ಮಧುಮೇಹ ಪಾಠ: ಈ ಏಳು ಸಾಲುಗಳಲ್ಲಿ ಯಾವುದು ತಪ್ಪು, ತಿದ್ದುವುದು ಹೇಗೆ?

ಜೀವಶಾಸ್ತ್ರ ಮೇಷ್ಟ್ರು (ಪ್ರಶ್ನೆ)

ಪ್ರೌಢಶಾಲೆಯ ಜೀವಶಾಸ್ತ್ರ ಪುಸ್ತಕವೊಂದರ ನಿರ್ನಾಳ ಗ್ರಂಥಿಗಳ ಪಾಠದಲ್ಲಿ ಮಧುಮೇಹಕ್ಕೆ ಒಂದೂವರೆ ಪುಟ ಇದೆ. ಮುಂದಿನ ಮರುಮುದ್ರಣಕ್ಕೆ ಮೊದಲು ತಿದ್ದುಪಡಿ ಕಳಿಸಬೇಕಾಗಿದೆ. ನನಗೆ ಅನುಮಾನ ಬಂದ ಸಾಲುಗಳು ಇವು:

1. ಸಕ್ಕರೆ ಮತ್ತು ಸಿಹಿ ಪದಾರ್ಥಗಳನ್ನು ಹೆಚ್ಚು ತಿನ್ನುವುದರಿಂದ ಮಧುಮೇಹ ಬರುತ್ತದೆ.
2. ಮಕ್ಕಳಲ್ಲಿ ಬರುವುದು ಟೈಪ್ 1, ವಯಸ್ಕರಲ್ಲಿ ಬರುವುದು ಟೈಪ್ 2. ಟೈಪ್ 2 ಸೌಮ್ಯ ಸ್ವರೂಪದ್ದು.
3. ಇನ್ಸುಲಿನ್ ಇಲ್ಲದಿದ್ದರೆ ಗ್ಲೂಕೋಸ್ ಯಾವ ಜೀವಕೋಶದ ಒಳಗೂ ಹೋಗಲಾರದು.
4. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ಪರೀಕ್ಷಿಸಿ ರೋಗವನ್ನು ಖಚಿತಪಡಿಸುತ್ತಾರೆ.
5. ಮಧುಮೇಹಿಯು ಪ್ರಜ್ಞೆ ತಪ್ಪಿದರೆ ಕೂಡಲೇ ಇನ್ಸುಲಿನ್ ಚುಚ್ಚುಮದ್ದು ಕೊಡಬೇಕು.
6. ಮಧುಮೇಹಿಗಳು ಸಿಹಿಯನ್ನು ಸಂಪೂರ್ಣ ತ್ಯಜಿಸಬೇಕು, ಶ್ರಮದ ಆಟಗಳಿಂದ ದೂರವಿರಬೇಕು.
7. 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಇದಕ್ಕಾಗಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಇವುಗಳಲ್ಲಿ ಯಾವುದು ನಿಜಕ್ಕೂ ತಪ್ಪು, ಯಾವುದು ಮಕ್ಕಳಿಗೆಂದು ಸರಳಗೊಳಿಸಿದ್ದು ಎಂದು ಬಿಡಿಸಿ ಹೇಳಬಲ್ಲಿರಾ? ಬದಲಿ ಸಾಲು ಹದಿನಾಲ್ಕು ಹದಿನೈದು ವರ್ಷದವರಿಗೆ ಅರ್ಥವಾಗಬೇಕು, ಈಗಿನ ಸಾಲಿಗಿಂತ ಬಹಳ ಉದ್ದವಾಗಬಾರದು. ಪುಟ ಬೆಳೆದರೆ ಪ್ರಕಾಶಕರು ಒಪ್ಪುವುದಿಲ್ಲ.

---

ಮಧುಮೇಹ ಶಿಕ್ಷಕಿ

ಮೇಷ್ಟ್ರೇ, ನಿಮ್ಮ ಕ್ರಮ ಬಿಟ್ಟು ಐದನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಬೇರೆ ಸಾಲುಗಳಿಂದ ಮಕ್ಕಳಿಗೆ ತಪ್ಪು ತಿಳಿವಳಿಕೆ ಬರುತ್ತದೆ, ಇದನ್ನು ನಂಬಿ ನಡೆದರೆ ಜೀವ ಹೋಗುತ್ತದೆ. ಮರುಮುದ್ರಣಕ್ಕೆ ಕಾಯಬೇಡಿ. ನಾಳೆಯೇ ತರಗತಿಯಲ್ಲಿ ಎಲ್ಲರ ಪುಸ್ತಕದಲ್ಲೂ ಆ ಸಾಲಿನ ಮೇಲೆ ಗೆರೆ ಎಳೆಸಿಬಿಡಿ.

ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದ ಹಾಗೆ ಕುಸಿದರೆ ಮೊದಲು ಅನುಮಾನಿಸಬೇಕಾದದ್ದು ಸಕ್ಕರೆ ಇಳಿದಿರುವುದನ್ನು. ಸಕ್ಕರೆ ಇಳಿಯಲು ನಿಮಿಷಗಳು ಸಾಕು. ಏರಿ ಪ್ರಜ್ಞೆ ತಪ್ಪುವ ಹಂತ ಮುಟ್ಟಲು ಗಂಟೆಗಳು, ಎಷ್ಟೋ ಸಲ ದಿನಗಳೇ ಹಿಡಿಯುತ್ತವೆ. ಇಳಿದಿರುವವರಿಗೆ ಮತ್ತೆ ಇನ್ಸುಲಿನ್ ಚುಚ್ಚಿದರೆ ಮಿದುಳಿಗೆ ಸಿಗುತ್ತಿದ್ದ ಅಷ್ಟಿಷ್ಟು ಗ್ಲೂಕೋಸೂ ನಿಂತುಹೋಗುತ್ತದೆ.

ಸಕ್ಕರೆ ಇಳಿದಾಗ ಕಾಣುವುದು ಬೆವರು, ಕೈ ನಡುಕ, ಎದೆ ಬಡಿತ, ಥಟ್ಟನೆ ಹಸಿವು, ಬಿಳಿಚಿಕೊಂಡ ಮುಖ. ಇನ್ನೂ ಇಳಿದರೆ ಸಿಡುಕು, ತೊದಲು, ಗೊಂದಲ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಮಗು ಹಟ ಮಾಡುತ್ತಿದೆ ಎಂದು ಗದರುವುದು ಈ ಹಂತದಲ್ಲೇ. 100 ಮಿ.ಲೀ. ರಕ್ತದಲ್ಲಿ ಗ್ಲೂಕೋಸ್ 70 ಮಿ.ಗ್ರಾಂಗಿಂತ ಕೆಳಗಿಳಿದರೆ ಚಿಕಿತ್ಸೆ ಬೇಕು, 54ಕ್ಕಿಂತ ಕೆಳಗೆ ಹೋದರೆ ಗಂಭೀರ.

ಎಚ್ಚರ ಇದ್ದು ನುಂಗಲು ಆಗುವಂತಿದ್ದರೆ 15 ಗ್ರಾಂ ಗ್ಲೂಕೋಸ್ ಕೊಡಬೇಕು. ಅಂದರೆ 4 ಗ್ರಾಂನ ನಾಲ್ಕು ಗ್ಲೂಕೋಸ್ ಮಾತ್ರೆ, ಇಲ್ಲವೇ ಸುಮಾರು 150 ಮಿ.ಲೀ. ಹಣ್ಣಿನ ರಸ, ಇಲ್ಲವೇ ಮೂರು ಟೀ ಚಮಚ ತುಂಬ ಸಕ್ಕರೆ ನೀರಿನಲ್ಲಿ ಕದಡಿ. ಚಿಕ್ಕ ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 0.3 ಗ್ರಾಂ. 20 ಕಿಲೋ ಮಗುವಿಗೆ 6 ಗ್ರಾಂ ಸಾಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿಲ್ಲದಿದ್ದರೆ ಇನ್ನೊಂದು ಸಲ ಅಷ್ಟೇ ಕೊಡಬೇಕು. ಕೆಲವು ಪುಸ್ತಕಗಳು ಇಲ್ಲಿ ಚಾಕೊಲೇಟ್ ಕೊಡಿ ಎನ್ನುತ್ತವೆ, ಅದೂ ತಪ್ಪು. ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಸಕ್ಕರೆಯಿಲ್ಲದ ಡಯಟ್ ಪಾನೀಯದಿಂದ ಏನೂ ಆಗದು.

ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಒಂದು ಚಮಚ ನೀರನ್ನೂ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಕರೆಯಿರಿ. ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನಿನ ಚುಚ್ಚುಮದ್ದು ಕೈಗೆ ಸಿಕ್ಕು, ಕೊಡಲು ಕಲಿತವರು ಹತ್ತಿರ ಇದ್ದರೆ 25 ಕಿಲೋಗಿಂತ ಹೆಚ್ಚಿನವರಿಗೆ 1 ಮಿ.ಗ್ರಾಂ, ಕಡಿಮೆಯವರಿಗೆ ಅರ್ಧ.

ಸಕ್ಕರೆ ಏರಿಯೇ ಪ್ರಜ್ಞೆ ತಪ್ಪಿದ್ದರೆ? ಆಗಲೂ ಆ ಸಾಲು ನಿಲ್ಲುವುದಿಲ್ಲ. ಅತಿ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಆಳವಾದ ಬಿರುಸು ಉಸಿರು, ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಇದ್ದರೆ ಅದು ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಂಡ ಸ್ಥಿತಿ. ಆಸ್ಪತ್ರೆಯಲ್ಲೂ ಮೊದಲು ಕೊಡುವುದು ದ್ರವ. ಮಕ್ಕಳಿಗೆ ದ್ರವ ಶುರುವಾಗಿ ಸುಮಾರು ಒಂದು ಗಂಟೆ ಕಳೆದ ಮೇಲೆ, ಪೊಟ್ಯಾಸಿಯಂ ಎಷ್ಟಿದೆ ನೋಡಿಕೊಂಡು, ಇನ್ಸುಲಿನನ್ನು ಸಣ್ಣ ಪ್ರಮಾಣದಲ್ಲಿ ಸತತವಾಗಿ ಹರಿಸುತ್ತಾರೆ. ಪಕ್ಕದಲ್ಲಿದ್ದವರು ಅಂದಾಜಿನ ಮೇಲೆ ಚುಚ್ಚುವ ಔಷಧ ಅದಲ್ಲ.

ಏರಿದೆಯೋ ಇಳಿದಿದೆಯೋ ಗೊತ್ತಾಗದಿದ್ದರೆ, ವ್ಯಕ್ತಿಗೆ ಎಚ್ಚರ ಇದ್ದರೆ, ಸಕ್ಕರೆಯನ್ನೇ ಕೊಡಬೇಕು. ಏರಿದ್ದವರಿಗೆ 15 ಗ್ರಾಂ ಹೆಚ್ಚಾದರೆ ಹೆಚ್ಚೇನೂ ಕೆಡುವುದಿಲ್ಲ. ಇಳಿದವರಿಗೆ ಅದೇ ಜೀವ. ಈ ಒಂದು ತರ್ಕ ಮಕ್ಕಳ ತಲೆಯಲ್ಲಿ ಕುಳಿತರೆ ಉಳಿದ ಅಂಕಿಗಳನ್ನು ಮರೆತರೂ ಪರವಾಗಿಲ್ಲ.

---

ಶರೀರಕ್ರಿಯಾ ಬೋಧಕ

ಮೇಡಂ ಹೇಳಿದ್ದಕ್ಕೆ ಸೇರಿಸುವಂಥದ್ದೇನೂ ಇಲ್ಲ. ನಾನು 3 ಮತ್ತು 4ನ್ನು ನೋಡುತ್ತೇನೆ.

ಮೂರನೆಯ ಸಾಲು ಬೀಗ-ಕೀಲಿ ಚಿತ್ರದಿಂದ ಬಂದದ್ದು. ಇನ್ಸುಲಿನ್ ಕೀಲಿ, ಜೀವಕೋಶ ಬೀಗ ಹಾಕಿದ ಮನೆ, ಗ್ಲೂಕೋಸ್ ಬಾಗಿಲಲ್ಲಿ ನಿಂತ ಅತಿಥಿ. ಈ ಚಿತ್ರ ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಮಾತ್ರ ಹೊಂದುತ್ತದೆ. ಅಲ್ಲಿ ಗ್ಲಟ್-4 ಎಂಬ ಸಾಗಣೆ ಪ್ರೋಟೀನು ಕೋಶದ ಒಳಗೆ ಅವಿತಿರುತ್ತದೆ, ಇನ್ಸುಲಿನ್ ಬಂದಾಗ ಮೇಲ್ಪೊರೆಗೆ ಬಂದು ನಿಲ್ಲುತ್ತದೆ. ಮಿದುಳಿನ ಕೋಶಗಳಿಗೆ, ಕೆಂಪು ರಕ್ತಕಣಗಳಿಗೆ, ಯಕೃತ್ತಿಗೆ ಬೇರೆ ಸಾಗಣೆ ಪ್ರೋಟೀನುಗಳಿವೆ. ಅವುಗಳ ಬಾಗಿಲು ತೆಗೆದೇ ಇರುತ್ತದೆ. "ಯಾವ ಜೀವಕೋಶದ ಒಳಗೂ ಹೋಗಲಾರದು" ಎನ್ನುವುದು ನಿಜವಾಗಿದ್ದರೆ ಇನ್ಸುಲಿನ್ ನಿಂತ ಕೂಡಲೇ ಮಿದುಳು ಉಪವಾಸ ಬೀಳಬೇಕಿತ್ತು. ಹಾಗಾಗುವುದಿಲ್ಲ.

ಇದನ್ನು ಸರಳೀಕರಣ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಚಿತ್ರದಲ್ಲಿ ಯಕೃತ್ತು ಪೂರ್ತಿ ಮರೆಯಾಗುತ್ತದೆ. ಹಾಗಾಗಿ ಒಂದು ಸಹಜ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವೇ ಸಿಗುವುದಿಲ್ಲ: ರಾತ್ರಿಯೆಲ್ಲ ಏನೂ ತಿಂದಿಲ್ಲ, ಬೆಳಗ್ಗೆ ಸಕ್ಕರೆ ಏರಿದ್ದು ಎಲ್ಲಿಂದ?

ಇದಕ್ಕೆ ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಮಾಡಿಸಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. 100 ಮಿ.ಲೀ.ಗೆ 90 ಮಿ.ಗ್ರಾಂ ಎಂದರೆ ಒಂದು ಲೀಟರಿಗೆ 0.9 ಗ್ರಾಂ, ಒಟ್ಟು ರಕ್ತದಲ್ಲಿ 4.5 ಗ್ರಾಂ. ಒಂದು ಟೀ ಚಮಚದಷ್ಟು! ಊಟ ಇಲ್ಲದ ಹೊತ್ತಿನಲ್ಲಿ ಯಕೃತ್ತು ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 2 ಮಿ.ಗ್ರಾಂ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. 60 ಕಿಲೋ ತೂಕದವರಲ್ಲಿ ನಿಮಿಷಕ್ಕೆ 120 ಮಿ.ಗ್ರಾಂ, ಗಂಟೆಗೆ 7 ಗ್ರಾಂ ಚಿಲ್ಲರೆ. ಅಂದರೆ ರಕ್ತದಲ್ಲಿ ಇರುವಷ್ಟು ಗ್ಲೂಕೋಸನ್ನು ಯಕೃತ್ತು ಸುಮಾರು 40 ನಿಮಿಷದಲ್ಲಿ ಮತ್ತೊಮ್ಮೆ ಸುರಿಯುತ್ತದೆ. ಆ ನಲ್ಲಿಯನ್ನು ಬಿಗಿ ಹಿಡಿದಿರುವುದು ಇನ್ಸುಲಿನ್. ಬಿಗಿ ಸಡಿಲವಾದರೆ ಒಂದು ತುತ್ತೂ ತಿನ್ನದೆ ಸಕ್ಕರೆ ಏರುತ್ತದೆ. ಕೊಬ್ಬು ಕರಗುವುದನ್ನೂ ಇನ್ಸುಲಿನ್ನೇ ತಡೆಹಿಡಿದಿರುತ್ತದೆ. ಆ ತಡೆ ಪೂರ್ತಿ ಹೋದರೆ ಕೊಬ್ಬಿನಾಮ್ಲಗಳು ಯಕೃತ್ತಿಗೆ ನುಗ್ಗಿ ಕೀಟೋನ್ ಆಗುತ್ತವೆ. ಮೇಡಂ ಹೇಳಿದ ಹಣ್ಣಿನ ವಾಸನೆ ಅದರದ್ದೇ.

ಇನ್ನು ಮೂತ್ರ ಪರೀಕ್ಷೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರೊಡನೆ ಸರಿಸುಮಾರು 160ರಿಂದ 180 ಗ್ರಾಂ ಗ್ಲೂಕೋಸ್ ಹೊರಬರುತ್ತದೆ, ಅಷ್ಟನ್ನೂ ಮೂತ್ರನಾಳಿಕೆಗಳು ಮರಳಿ ಹೀರಿಕೊಳ್ಳುತ್ತವೆ. ರಕ್ತದ ಮಟ್ಟ ಸುಮಾರು 180 ಮಿ.ಗ್ರಾಂ ದಾಟಿದ ಮೇಲೆ ಮಾತ್ರ ಹೀರುವ ಶಕ್ತಿ ಸಾಲದೆ ಮೂತ್ರದಲ್ಲಿ ಸಕ್ಕರೆ ಕಾಣುತ್ತದೆ. ಬರಿಹೊಟ್ಟೆಯಲ್ಲಿ 140 ಎಂದರೆ ಮಧುಮೇಹದ ಮಟ್ಟವೇ, ಆದರೂ ಅಂಥವರ ಮೂತ್ರದಲ್ಲಿ ಆ ಹೊತ್ತು ಏನೂ ಸಿಗದಿರಬಹುದು. ಇನ್ನೊಂದು ಕಡೆ, ಗರ್ಭಿಣಿಯರಲ್ಲಿ, ಹುಟ್ಟಿನಿಂದ ಹೀರುವ ಮಿತಿ ಕಡಿಮೆ ಇರುವವರಲ್ಲಿ ರಕ್ತದ ಮಟ್ಟ ಸರಿಯಿದ್ದರೂ ಮೂತ್ರದಲ್ಲಿ ಸಕ್ಕರೆ ಬರುತ್ತದೆ. ಪಾಠದಲ್ಲಿ ಬೆನೆಡಿಕ್ಟ್ ದ್ರಾವಣದ (ಗ್ಲೂಕೋಸಿನಂಥ ಸಕ್ಕರೆ ಇದ್ದರೆ ಬಣ್ಣ ತಿರುಗುವ ದ್ರಾವಣ) ಪ್ರಯೋಗ ಇದ್ದರೆ ಅದನ್ನು ಅಪಕರ್ಷಕ ಸಕ್ಕರೆಗಳ ರಸಾಯನಶಾಸ್ತ್ರವಾಗಿ ಉಳಿಸಿಕೊಳ್ಳಿ, ರೋಗ ಪತ್ತೆ ಎಂಬ ಹೆಸರು ತೆಗೆಯಿರಿ. ಅದು ವಿಟಮಿನ್ ಸಿ ಇದ್ದರೂ ಬಣ್ಣ ತಿರುಗುತ್ತದೆ.

ರೋಗ ಖಚಿತವಾಗುವುದು ಪ್ರಯೋಗಾಲಯದ ರಕ್ತ ಪರೀಕ್ಷೆಯಿಂದ. ಕನಿಷ್ಠ 8 ಗಂಟೆ ಬರಿಹೊಟ್ಟೆಯಲ್ಲಿದ್ದು 126 ಮಿ.ಗ್ರಾಂ ಅಥವಾ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ) 6.5 ಶೇಕಡಾ ಅಥವಾ ಹೆಚ್ಚು. ಲಕ್ಷಣಗಳಿದ್ದರೆ ಯಾವುದೇ ಹೊತ್ತಿನ 200 ಸಾಕು. ಲಕ್ಷಣ ಇಲ್ಲದಿದ್ದರೆ ಎರಡು ಫಲಿತಾಂಶ ಬೇಕು, ಒಂದರ ಮೇಲೆ ತೀರ್ಪು ಕೊಡುವುದಿಲ್ಲ. ಬೇರೆ ಪುಸ್ತಕದಲ್ಲಿ 7.0, 11.1 ಎಂದಿದ್ದರೆ ಗಾಬರಿ ಬೇಡ, ಅದು ಲೀಟರಿಗೆ ಮಿಲಿಮೋಲ್ ಎಂಬ ಬೇರೆ ಅಳತೆಯ ಲೆಕ್ಕ. 18ರಿಂದ ಗುಣಿಸಿದರೆ ಮಿ.ಗ್ರಾಂ ಬರುತ್ತದೆ. ಒಂದೇ ಪುಟದಲ್ಲಿ ಎರಡೂ ಅಳತೆ ಬೆರೆಸಿದ ಪುಸ್ತಕಗಳಿವೆ. ಅದನ್ನೂ ನೋಡಿಕೊಳ್ಳಿ.

---

ವಿಜ್ಞಾನ ಚರಿತ್ರೆ

ಏಳನೆಯ ಸಾಲಿನ ಅರ್ಧ ಸರಿ. 1923ರ ನೊಬೆಲ್ ಬಂದದ್ದು ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಆ ಪ್ರಯೋಗಾಲಯದ ಮುಖ್ಯಸ್ಥ ಜೆ.ಜೆ.ಆರ್. ಮ್ಯಾಕ್ಲಿಯಡ್ ಅವರಿಗೆ. ಚಾರ್ಲ್ಸ್ ಬೆಸ್ಟ್‌ಗೆ ಬರಲಿಲ್ಲ. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು, ಮ್ಯಾಕ್ಲಿಯಡ್ ತಮ್ಮದರಲ್ಲಿ ಅರ್ಧವನ್ನು ಜೇಮ್ಸ್ ಕಾಲಿಪ್‌ಗೆ. ಕಾಲಿಪ್ ಹೆಸರು ಶಾಲಾ ಪುಸ್ತಕಗಳಲ್ಲಿ ಕಾಣುವುದೇ ಅಪರೂಪ. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ನೆಟ್ಟಗೆ ಕೆಲಸ ಮಾಡಲಿಲ್ಲ. ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು.

ಜಾಗ ಇದ್ದರೆ 1889 ಸೇರಿಸಿ. ಇನ್ಸುಲಿನ್ ಒಸರುವ ಮೇದೋಜೀರಕ ಗ್ರಂಥಿ ತೆಗೆದ ನಾಯಿಗೆ ಮಧುಮೇಹ ಬರುತ್ತದೆ ಎಂದು ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ತೋರಿಸಿದ್ದು ಆಗ. ಸಕ್ಕರೆ ತಿನ್ನಿಸಿ ಬರಿಸಿದ್ದಲ್ಲ, ಗ್ರಂಥಿ ತೆಗೆದು ಬರಿಸಿದ್ದು. ನಿಮ್ಮ ಮೊದಲ ಸಾಲಿನ ಪಕ್ಕದಲ್ಲಿ ಈ ಪ್ರಯೋಗ ಇಟ್ಟರೆ ಮಕ್ಕಳೇ ತಪ್ಪು ಹಿಡಿಯುತ್ತಾರೆ.

ಇನ್ಸುಲಿನ್ನನ್ನು ಹಂದಿ, ದನಗಳ ಗ್ರಂಥಿಯಿಂದ ತೆಗೆಯುತ್ತಾರೆ ಎಂದು ವರ್ತಮಾನಕಾಲದಲ್ಲಿ ಬರೆದಿದ್ದರೆ ಅದನ್ನೂ ತಿದ್ದಿ. ಬ್ಯಾಕ್ಟೀರಿಯಾದಲ್ಲಿ ಮಾನವ ಇನ್ಸುಲಿನ್ ತಯಾರಾದದ್ದು 1978ರಲ್ಲಿ, ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ.

---

ಜೀವಶಾಸ್ತ್ರ ಮೇಷ್ಟ್ರು

ತುಂಬ ಉಪಕಾರ. ಎರಡು ಗೊಂದಲ ಉಳಿದಿವೆ. ಮೊದಲ ಸಾಲು ಪೂರ್ತಿ ತಪ್ಪೇ? ಸಿಹಿ ಕಡಿಮೆ ಮಾಡಿ ಎಂಬುದು ಒಳ್ಳೆಯ ಸಲಹೆಯೇ ತಾನೇ, ತೆಗೆದರೆ ಅಪಾಯವಿಲ್ಲವೇ ಎಂದು ಕೇಳುವವರಿದ್ದಾರೆ. ಎರಡನೆಯದು, ಪಾಠದ ಕೊನೆಯ ಬಹು ಆಯ್ಕೆ ಪ್ರಶ್ನೆಗಳಲ್ಲೂ ಇದೇ ತಪ್ಪುಗಳು ಉತ್ತರಗಳಾಗಿ ಕೂತಿವೆ.

---

ಮಧುಮೇಹ ಶಿಕ್ಷಕಿ

ಮೊದಲ ಸಾಲಿನ ತೊಂದರೆ "ಸಕ್ಕರೆ" ಎಂಬ ಪದಕ್ಕಿಂತ ಹೆಚ್ಚಾಗಿ "ಮಧುಮೇಹ" ಎಂಬ ಪದದಲ್ಲಿದೆ. ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳನ್ನು ಕಟ್ಟಿ ಒಂದೇ ಕಾರಣ ಹೇಳಿಬಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ "ಸಕ್ಕರೆ ಕಾಯಿಲೆ" ಎಂಬ ಹೆಸರೂ ಅದಕ್ಕೆ ಇಂಬು ಕೊಡುತ್ತದೆ. ಹೆಸರು ಹೇಳುವುದು ಲಕ್ಷಣವನ್ನು, ಓದುವವರು ಅದನ್ನೇ ಕಾರಣ ಅಂದುಕೊಳ್ಳುತ್ತಾರೆ.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ತಿಂದದ್ದರಿಂದ ಬರುವುದಲ್ಲ, ಬೇಡವೆಂದು ತಡೆಯಲು ಮಗುವಿಗಾಗಲಿ ತಾಯ್ತಂದೆಯರಿಗಾಗಲಿ ದಾರಿ ಇರಲಿಲ್ಲ. ಟೈಪ್ 2ರಲ್ಲಿ ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡುವುದಿಲ್ಲ, ಬರಬರುತ್ತ ಇನ್ಸುಲಿನ್ ಸಾಲದಾಗುತ್ತದೆ. ವಂಶವಾಹಿ, ವಯಸ್ಸು, ಹೊಟ್ಟೆಯ ಬೊಜ್ಜು, ಚಲನೆ ಇಲ್ಲದ ದಿನಚರಿ ಸೇರಿ ಆಗುವ ಕೆಲಸ ಅದು. ಸಕ್ಕರೆ ಪಾನೀಯಗಳನ್ನು ನಿತ್ಯ ಕುಡಿಯುವುದರಿಂದ ಈ ಟೈಪ್ 2ರ ಅಪಾಯ ಹೆಚ್ಚುತ್ತದೆ. ಆದ್ದರಿಂದ "ಸಕ್ಕರೆಗೂ ಮಧುಮೇಹಕ್ಕೂ ಸಂಬಂಧವೇ ಇಲ್ಲ" ಎಂದು ಎದುರು ದಿಕ್ಕಿಗೆ ಹಾರಿದರೆ ಅದೂ ತಪ್ಪೇ. ಸಲಹೆ ಉಳಿಯಲಿ, ಅದನ್ನು ಟೈಪ್ 2ರ ಕೆಳಗೆ ಬರೆಯಿರಿ.

ಆ ಸಾಲನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವ ಹೊತ್ತನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಟೈಪ್ 1 ಇರುವ ಹುಡುಗಿ ಎರಡನೆಯ ಬೆಂಚಿನಲ್ಲಿ ಕೂತಿದ್ದಾಳೆ. ಸಾಲು ಮುಗಿಯುವಷ್ಟರಲ್ಲಿ ಮೂರು ನಾಲ್ಕು ತಲೆ ಅವಳ ಕಡೆ ತಿರುಗುತ್ತವೆ. ಮರುದಿನದಿಂದ ಅವಳು ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ಯಾರಿಗೂ ಕಾಣದ ಹಾಗೆ ತೆಗೆದುಕೊಳ್ಳಲು ನೋಡುತ್ತಾಳೆ, ಆಗದ ದಿನ ಬಿಟ್ಟೇಬಿಡುತ್ತಾಳೆ. ಪುಸ್ತಕದ ತಪ್ಪು ರಕ್ತಕ್ಕೆ ಇಳಿಯುವುದು ಹೀಗೆ. ಆದ್ದರಿಂದ ಬದಲಿ ಸಾಲಿನಲ್ಲಿ "ಇದು ಯಾರ ತಪ್ಪಿನಿಂದಲೂ ಬರುವುದಲ್ಲ" ಎಂಬ ಮಾತು ಇರಲೇಬೇಕು. ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ಕತ್ತರಿಸಿ.

ಎರಡನೆಯ ಸಾಲು ಹಳೆಯ ಕಾಲದ್ದು. "ಬಾಲ್ಯದ ಮಧುಮೇಹ", "ಇನ್ಸುಲಿನ್ ಅವಲಂಬಿತ", "ಅವಲಂಬಿತವಲ್ಲದ" ಎಂಬ ಹೆಸರುಗಳನ್ನು ಅಮೆರಿಕದ ಮಧುಮೇಹ ಸಂಘ 1997ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೈಬಿಟ್ಟವು. ಟೈಪ್ 1 ಯಾವ ವಯಸ್ಸಿನಲ್ಲೂ ಬರಬಹುದು, ಹೊಸದಾಗಿ ಪತ್ತೆಯಾಗುವವರಲ್ಲಿ ದೊಡ್ಡ ಪಾಲು ವಯಸ್ಕರೇ. ಟೈಪ್ 2 ಹದಿಹರೆಯದವರಲ್ಲೂ ಕಾಣುತ್ತಿದೆ, ತೆಳ್ಳಗಿನವರಲ್ಲೂ. ಟೈಪ್ 2ಕ್ಕೆ ಇನ್ಸುಲಿನ್ ಬೇಕಾದರೆ ಅದು ಟೈಪ್ 1 ಆಗುವುದಿಲ್ಲ, ಈ ತಪ್ಪೂ ಅಲ್ಲಲ್ಲಿ ಇದೆ. "ಸೌಮ್ಯ" ಎಂಬ ಪದವನ್ನು ದಯವಿಟ್ಟು ಅಳಿಸಿ. ಮೂತ್ರಪಿಂಡ ಸೋಲುವುದು, ದೃಷ್ಟಿ ಹೋಗುವುದು, ಕಾಲು ಕತ್ತರಿಸಬೇಕಾಗುವುದು ಎಲ್ಲಕ್ಕೂ ಅದು ದೊಡ್ಡ ಕಾರಣ. ವರ್ಷಗಟ್ಟಲೆ ಲಕ್ಷಣ ತೋರದೆ ಇರುವುದನ್ನು ಸೌಮ್ಯ ಎಂದು ಓದಿಕೊಂಡಿದ್ದಾರೆ. ಗರ್ಭಾವಸ್ಥೆಯ ಮಧುಮೇಹಕ್ಕೆ ಅರ್ಧ ಸಾಲು ಕೊಡಿ. ಒಂದೇ ವಂಶವಾಹಿಯ ದೋಷದಿಂದ ಬರುವ ವಿರಳ ವಿಧಗಳು ಪ್ರೌಢಶಾಲೆಗೆ ಬೇಡ, ಆದರೆ "ಎರಡೇ ವಿಧ" ಎನ್ನದೆ "ಮುಖ್ಯ ವಿಧಗಳು" ಎಂದರೆ ಸುಳ್ಳಾಗುವುದಿಲ್ಲ.

ಆರನೆಯದು. ಪಿಷ್ಟವೂ ಜೀರ್ಣವಾಗಿ ಗ್ಲೂಕೋಸೇ ಆಗುವುದರಿಂದ ಸಿಹಿಯೊಂದನ್ನೇ ದೂರಿ ಫಲವಿಲ್ಲ. ನೋಡಬೇಕಾದದ್ದು ಒಟ್ಟು ಕಾರ್ಬೋಹೈಡ್ರೇಟಿನ ಪ್ರಮಾಣ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ಜೇಬಿನಲ್ಲಿ ಗ್ಲೂಕೋಸ್ ಸದಾ ಇರಲೇಬೇಕು. "ನಿನಗೆ ಸಿಹಿ ಕೂಡದು" ಎಂದು ಕಿತ್ತುಕೊಂಡವರು ಪುಸ್ತಕ ಓದಿದವರೇ ಆಗಿರುತ್ತಾರೆ. ಆಟವಂತೂ ಔಷಧಿಯಷ್ಟೇ ಮುಖ್ಯ. ಆಟಕ್ಕೆ ಇಳಿಯುವ ಮುಂಚೆ ಪರೀಕ್ಷಿಸಿ, 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 90 ದಾಟಿದ ಮೇಲೆ ಶುರು ಮಾಡಬೇಕು. ಸಕ್ಕರೆ ಬಹಳ ಏರಿದ್ದರೆ ರಕ್ತದ ಕೀಟೋನ್ ನೋಡಬೇಕು, ಲೀಟರಿಗೆ 1.5 ಮಿಲಿಮೋಲ್ ಅಥವಾ ಹೆಚ್ಚು ಇದ್ದರೆ ಅವತ್ತು ಆಟ ಬೇಡ. ದೀರ್ಘ ಆಟದ ಮೇಲೆ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿಯಬಹುದು, ಏಕೆಂದರೆ ಸ್ನಾಯುಗಳು ಖಾಲಿಯಾದ ಗ್ಲೈಕೋಜನ್ (ಗ್ಲೂಕೋಸಿನ ದಾಸ್ತಾನು) ತುಂಬಿಕೊಳ್ಳುತ್ತಿರುತ್ತವೆ.

ಇನ್ನೊಂದು, ಪುಸ್ತಕದಲ್ಲಿ ಇಲ್ಲದೇ ಇರುವುದು. ಮಗುವಿನಲ್ಲಿ ಟೈಪ್ 1 ಶುರುವಾಗುವ ನಾಲ್ಕು ಗುರುತು: ಪದೇ ಪದೇ ಮೂತ್ರ, ತೀರದ ದಾಹ, ಇಳಿಯುವ ತೂಕ, ಕಾರಣವಿಲ್ಲದ ಸುಸ್ತು. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಆರನೆಯ ಸಾಲು ತೆಗೆದು ಉಳಿಯುವ ಜಾಗದಲ್ಲಿ ಇದನ್ನು ಹಾಕಿ.

---

ಪಠ್ಯ ಸಂಪಾದಕ

ಎಲ್ಲರೂ ಹೇಳಿದ್ದು ಸರಿ, ಆದರೆ ಹೀಗೇ ಪತ್ರ ಬರೆದರೆ ಅದು ಕಡತ ಸೇರುತ್ತದೆ. ಮುದ್ರಣದ ಕಡೆಯವರು ಕೈಗೆತ್ತಿಕೊಳ್ಳುವ ಹಾಗೆ ಕೊಡಬೇಕು.

ಹೆಸರುಪುಟದ ಹಿಂಬದಿ ನೋಡಿ ಆವೃತ್ತಿ, ಮರುಮುದ್ರಣದ ವರ್ಷ, ಐಎಸ್‌ಬಿಎನ್ ಬರೆದುಕೊಳ್ಳಿ. ಮರುಮುದ್ರಣಗಳ ನಡುವೆ ಪುಟಸಂಖ್ಯೆ ಜರುಗುವುದುಂಟು. ಯಾವ ಪ್ರತಿ ಎಂದು ಹೇಳದೆ "42ನೇ ಪುಟ" ಎಂದರೆ ಅವರು ಇನ್ನೊಂದು ಪ್ರತಿ ತೆಗೆದು ನೋಡಿ, ಅಂಥ ಸಾಲೇ ಇಲ್ಲ ಎನ್ನುತ್ತಾರೆ. ಪುಟಸಂಖ್ಯೆ ಕಾಣುವಂತೆ ಫೋಟೋ ತೆಗೆದು ಲಗತ್ತಿಸಿ. ಆಮೇಲೆ ಒಂದು ಪಟ್ಟಿ: ಪುಟ ಮತ್ತು ಸಾಲು, ಈಗಿರುವ ವಾಕ್ಯ, ಬದಲಿ ವಾಕ್ಯ, ಎರಡೇ ಸಾಲಿನಲ್ಲಿ ಕಾರಣ. ಬದಲಿ ವಾಕ್ಯದ ಅಕ್ಷರಗಳನ್ನು ಎಣಿಸಿ. ಒಂದು ಪ್ಯಾರಾ ಒಂದು ಸಾಲು ಬೆಳೆದರೂ ಕೆಳಗಿನ ಚಿತ್ರ ಮುಂದಿನ ಪುಟಕ್ಕೆ ಜಾರುತ್ತದೆ, ಆಗ ಇಡೀ ಪಾಠ ಮತ್ತೆ ಜೋಡಿಸಬೇಕು. ಆ ಖರ್ಚಿನ ಕಾರಣಕ್ಕೇ ಎಷ್ಟೋ ಸರಿಯಾದ ತಿದ್ದುಪಡಿಗಳು ಮುಂದಿನ ಆವೃತ್ತಿಗೆ ಎಂದು ಪಕ್ಕಕ್ಕೆ ಸರಿಯುತ್ತವೆ.

ಏಳನ್ನೂ ಒಂದೇ ತೂಕದಲ್ಲಿ ಇಡಬೇಡಿ. 5ನ್ನು ಪ್ರತ್ಯೇಕ ಪತ್ರವಾಗಿ ಮೊದಲೇ ಕಳಿಸಿ, ಜೀವಕ್ಕೆ ಅಪಾಯ ಎಂದು ವಿಷಯದ ಸಾಲಿನಲ್ಲೇ ಬರೆದು, ಈಗಾಗಲೇ ಹಂಚಿರುವ ಪ್ರತಿಗಳಿಗೆ ತಿದ್ದೋಲೆ ಹೊರಡಿಸಲು ಕೇಳಿ. ಮಕ್ಕಳ ವೈದ್ಯರೊಬ್ಬರ ಸಹಿ ಜೊತೆಗಿದ್ದರೆ ವಾದಕ್ಕೆ ಅವಕಾಶವಿರುವುದಿಲ್ಲ. 1, 2, 3, 4, 6 ಮರುಮುದ್ರಣಕ್ಕೆ. 7ರಲ್ಲಿ ಎರಡು ಪದ ಬದಲಾದರೆ ಸಾಕು. ಆಧಾರವಾಗಿ ಜಾಲತಾಣದ ಲೇಖನ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ, ಅಮೆರಿಕದ ಮಧುಮೇಹ ಸಂಘ ಪ್ರತಿವರ್ಷ ಹೊರಡಿಸುವ ಚಿಕಿತ್ಸಾ ಮಾನದಂಡ, ಇವೆರಡು ಸಾಕು.

ಪ್ರಶ್ನೆಗಳ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತಪ್ಪು ಉಳಿದುಕೊಳ್ಳುವುದು ಅಲ್ಲೇ. ಪಾಠ ತಿದ್ದಿ ಉತ್ತರಸೂಚಿ ತಿದ್ದದಿದ್ದರೆ ಸರಿ ಬರೆದ ಮಗುವಿಗೆ ಅಂಕ ಹೋಗುತ್ತದೆ, ಮುಂದಿನ ವರ್ಷ ಮೇಷ್ಟರೇ ಹಳೆಯ ಉತ್ತರ ಬರೆಸುತ್ತಾರೆ. ಪಾಠದ ಜೊತೆ ಅಭ್ಯಾಸ, ಉತ್ತರಸೂಚಿ, ಪದಕೋಶ, ಚಿತ್ರದ ಅಡಿಬರಹ, ಶಿಕ್ಷಕರ ಕೈಪಿಡಿ, ಕೆಳಗಿನ ತರಗತಿಗಳ ಪುಸ್ತಕ, ಬೇರೆ ಭಾಷೆಯ ಆವೃತ್ತಿಗಳನ್ನು ಒಂದೇ ಸಲ ಜಾಲಾಡಿ. "ಮಧುಮೇಹ", "ಸಕ್ಕರೆ ಕಾಯಿಲೆ", "ಸಿಹಿಮೂತ್ರ", "ಡಯಾಬಿಟಿಸ್" ನಾಲ್ಕೂ ಪದ ಹುಡುಕಿ. ಒಂದೇ ಪುಸ್ತಕದಲ್ಲಿ ಮೂರು ಹೆಸರಿರುವುದೂ ಉಂಟು.

ಚಿತ್ರವನ್ನು ಯಾರೂ ಹೇಳಲಿಲ್ಲ. ಮೇದೋಜೀರಕದ ಚಿತ್ರದಲ್ಲಿ ಇನ್ಸುಲಿನ್ ಎಂಬ ಬಾಣ ನಾಳದ ಮೂಲಕ ಸಣ್ಣಕರುಳಿಗೆ ಹೋಗುತ್ತಿದೆಯೇ ನೋಡಿ. ಆ ನಾಳದಲ್ಲಿ ಹರಿಯುವುದು ಜೀರ್ಣರಸ, ಇನ್ಸುಲಿನ್ ನೇರ ರಕ್ತಕ್ಕೆ ಸೇರುತ್ತದೆ. ನಿರ್ನಾಳ ಗ್ರಂಥಿಯ ಪಾಠದಲ್ಲಿ ನಾಳದ ಬಾಣ ಎಂದರೆ ಪಾಠದ ತಲೆಬರಹಕ್ಕೇ ವಿರುದ್ಧ. ಚುಚ್ಚುಮದ್ದಿನ ಚಿತ್ರದಲ್ಲಿ ಸೂಜಿ ಮೊಣಕೈ ಒಳಬದಿಯ ರಕ್ತನಾಳದ ಮೇಲಿದ್ದರೆ ಅದೂ ತಪ್ಪು. ನಿತ್ಯದ ಇನ್ಸುಲಿನ್ ಕೊಡುವುದು ಚರ್ಮದ ಕೆಳಗಿನ ಕೊಬ್ಬಿಗೆ: ಹೊಟ್ಟೆ, ತೊಡೆ, ಪೃಷ್ಠ, ತೋಳಿನ ಹಿಂಬದಿ.

ರೋಗಿಗಳ ಸಂಖ್ಯೆ ಎಲ್ಲಾದರೂ ಇದ್ದರೆ ವರ್ಷ ಸೇರಿಸಿ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಲೆಕ್ಕದಲ್ಲಿ 20ರಿಂದ 79 ವರ್ಷದವರಲ್ಲಿ 2021ಕ್ಕೆ 53.7 ಕೋಟಿ, 2024ಕ್ಕೆ 58.9 ಕೋಟಿ. ವರ್ಷ ಬರೆಯದೆ "ಇಂದು" ಎಂದರೆ ಮೂರೇ ವರ್ಷದಲ್ಲಿ ಸುಳ್ಳಾಗುತ್ತದೆ.

---

ಜೀವಶಾಸ್ತ್ರ ಮೇಷ್ಟ್ರು

ಕರಡು ಹೀಗೆ ಮಾಡಿದ್ದೇನೆ, ನೋಡಿ:

1. ಟೈಪ್ 1 ಮಧುಮೇಹ ತಿನ್ನುವ ಸಿಹಿಯಿಂದ ಬರುವುದಿಲ್ಲ, ಯಾರ ತಪ್ಪಿನಿಂದಲೂ ಬರುವುದಲ್ಲ. ಬೊಜ್ಜು, ಚಲನೆಯ ಕೊರತೆ, ಅತಿ ಸಕ್ಕರೆ ಪಾನೀಯ ಟೈಪ್ 2ರ ಅಪಾಯ ಹೆಚ್ಚಿಸುತ್ತವೆ.
2. ಮುಖ್ಯ ವಿಧಗಳು ಟೈಪ್ 1, ಟೈಪ್ 2 ಮತ್ತು ಗರ್ಭಾವಸ್ಥೆಯ ಮಧುಮೇಹ. ಮೊದಲ ಎರಡು ಮಕ್ಕಳಲ್ಲೂ ವಯಸ್ಕರಲ್ಲೂ ಬರಬಹುದು.
3. ಇನ್ಸುಲಿನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸ್ ಒಳಗೆಳೆದುಕೊಳ್ಳಲು ನೆರವಾಗುತ್ತದೆ, ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ತಡೆಯುತ್ತದೆ.
4. ಪ್ರಯೋಗಾಲಯದ ರಕ್ತ ಪರೀಕ್ಷೆಯಿಂದ ರೋಗವನ್ನು ಖಚಿತಪಡಿಸುತ್ತಾರೆ.
5. ಮಧುಮೇಹ ಇರುವವರು ಪ್ರಜ್ಞೆ ತಪ್ಪಿದರೆ ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಬೇಕು. ಇನ್ಸುಲಿನ್ ಕೊಡಬಾರದು.
6. ಪದೇ ಪದೇ ಮೂತ್ರ, ದಾಹ, ತೂಕ ಇಳಿಕೆ, ಸುಸ್ತು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು.
7. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾಯಿತು. 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್‌ಗೆ ಬಂತು.

---

ಶರೀರಕ್ರಿಯಾ ಬೋಧಕ

ಮೂರರಲ್ಲಿ "ತಯಾರಿಸುವುದನ್ನು ತಡೆಯುತ್ತದೆ" ಬದಲು "ರಕ್ತಕ್ಕೆ ಬಿಡುವುದನ್ನು ತಗ್ಗಿಸುತ್ತದೆ" ಎನ್ನಿ. ಯಕೃತ್ತು ಹೊಸದಾಗಿ ತಯಾರಿಸುವುದೂ ಉಂಟು, ಕೂಡಿಟ್ಟ ಗ್ಲೈಕೋಜನ್ ಒಡೆದು ಕೊಡುವುದೂ ಉಂಟು. ಎರಡೂ ಈ ಪದದಲ್ಲಿ ಅಡಗುತ್ತವೆ. ಪೂರ್ತಿ ತಡೆದರೆ ಮಿದುಳಿಗೇ ಗ್ಲೂಕೋಸ್ ಇರದು.

---

ಮಧುಮೇಹ ಶಿಕ್ಷಕಿ

ಐದರಲ್ಲಿ "ಬಾಯಿಗೆ ಏನನ್ನೂ ಹಾಕಬಾರದು" ಸೇರಿಸಿ. ಎಚ್ಚರ ಇರುವವರಿಗೆ ಸಕ್ಕರೆ ಎಂಬುದು ಇನ್ನೊಂದು ಸಾಲು, ಅದಕ್ಕೂ ಜಾಗ ಬೇಕು. ಸಾಲದಿದ್ದರೆ ಏಳನೆಯದರಿಂದ ನೊಬೆಲ್ ತೆಗೆಯಿರಿ.